ಆಟದ ರೈಲಿನ ಸಂತೆ

(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಕಾರ್ಯದರ್ಶಿಗಳು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಮೇಲೆ ಕೆಲವರು ನಮ್ಮನ್ನು ದಾದರಿನ ಸ್ಟೇಶನ್ನಿನಲ್ಲಿ ತಡೆದು ನಿಲ್ಲಿಸಿ, "ಏನು ಸ್ವಾಮಿ, ಕನ್ನಡ ಸಂಘದಲ್ಲಿ ಆಟದ ರೈಲಿನ ಮಾತೇ?" ಎಂದು ಕೇಳಿದ್ದುಂಟು. ಕೇಳಿದ್ದು ಸರಿಯೇ. ಪಂಪ, ಕುಮಾರವ್ಯಾಸರ ಕಾವ್ಯವಾಚನ ನಡೆದ ವೇದಿಕೆಯಿದು. ದಾಸರ ಪದಗಳು ಮೊಳಗಿದ ಸಭಾಂಗಣವಿದು. ಆದರೂ ಈ ವಿಷಯವನ್ನು ಹಿಡಿದುದಕ್ಕೆ ನಮಗೆ ಎರಡು ಕಾರಣಗಳಿವೆ. ನಮ್ಮಲ್ಲಿ ಹೆಚ್ಚಿನವರು ಊರು ಬಿಟ್ಟು ಇಲ್ಲಿಗೆ ಬಂದದ್ದು ರೈಲಿನಲ್ಲಿ; ಬಂದ ಮೇಲೆ ದಿನವೂ ನೇತಾಡಿಕೊಂಡು ಹೋಗಿ ಹೊಟ್ಟೆ ಹೊರೆದದ್ದೂ ರೈಲಿನಲ್ಲಿ. ನಾವಂತೂ ರೈಲ್ವೆಯ ಲೆಕ್ಕಪತ್ರದ ಕಚೇರಿಯಲ್ಲೇ ಕೂದಲು ನೆರೆಸಿಕೊಂಡವರು. ಎರಡನೆಯ ಕಾರಣ ಮಾತು ಮುಂದುವರಿದಂತೆ ತಮಗೇ ಕಂಡೀತು.

ಮೊದಲು ಒಂದು ತಿಳಿವಳಿಕೆ ಬೇಕು. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಬಳಿದು ಮಾಡುವ ರೈಲನ್ನು ತಾವೆಲ್ಲ ಬಲ್ಲಿರಿ. ಊರಿನಿಂದ ಬರುವಾಗ ಮಕ್ಕಳಿಗೆಂದು ಒಂದನ್ನಾದರೂ ತಂದಿರುತ್ತೀರಿ. ದಾರ ಕಟ್ಟಿ ಎಳೆದರೆ ಅದು ಓಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ನಾವು ಈಗ ಹೇಳುವುದು ಅದಲ್ಲ, ಮಾದರಿ ರೈಲು. ನಿಜವಾದ ಎಂಜಿನಿನ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ರಿವೆಟ್ಟಿನ ತಲೆಯನ್ನು ಸಹ ಬಿಡದೆ ಮೂಡಿಸಿ, ಹೊಟ್ಟೆಯೊಳಗೆ ಪುಟ್ಟ ಮೋಟಾರನ್ನಿಟ್ಟು ವಿದ್ಯುತ್ತಿನಿಂದ ಹಳಿಯ ಮೇಲೆ ಓಡಿಸುವಂಥಾದ್ದು. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ಎಚ್‌ಓ ಎಂದು ಹೆಸರು. ನಿಜವಾದುದರ ೮೭ರಲ್ಲಿ ಒಂದು ಪಾಲು. ಯೂರೋಪು, ಅಮೆರಿಕೆಗಳಲ್ಲಿ ಎರಡು ಹಳಿಗಳ ನಡುವಣ ಅಂತರ ೧,೪೩೫ ಮಿಲಿಮೀಟರು. ಅದು ಕುಗ್ಗಿ ಇಲ್ಲಿ ೧೬.೫ ಆಗುತ್ತದೆ. ನಮ್ಮ ದೇಶದ ಅಗಲ ಹಳಿ ೧,೬೭೬ ಮಿಲಿಮೀಟರಿನದು. ಅದು ಕುಗ್ಗಿದರೆ ೧೯ಕ್ಕೂ ತುಸು ಹೆಚ್ಚಾಗಬೇಕು. ಆದರೆ ಪೇಟೆಯಲ್ಲಿ ಸಿಕ್ಕುವುದು ೧೬.೫ರ ಹಳಿಯೇ ಆದುದರಿಂದ ನಮ್ಮಲ್ಲಿನ ಹವ್ಯಾಸಿಗಳು ನಮ್ಮ ಎಂಜಿನನ್ನೂ ಸಾಮಾನ್ಯವಾಗಿ ಅದರ ಮೇಲೆಯೇ ನಿಲ್ಲಿಸುತ್ತಾರೆ, ಸ್ಥೂಲಕಾಯದ ಆಸಾಮಿ ಚಿಕ್ಕ ಮೆಟ್ಟು ಹಾಕಿಕೊಂಡು ನಿಂತಂತೆ. ಇಂಥ ಮಾದರಿಗಳನ್ನು ಕಣ್ಣಾರೆ ಕಾಣಬೇಕೆನ್ನುವವರು ಪುಣೆಗೆ ಹೋದಾಗ ಕರ್ವೆ ರಸ್ತೆಯ ಬಳಿ ಜೋಶಿಯವರ ಪುಟಾಣಿ ರೈಲಿನ ವಸ್ತುಸಂಗ್ರಹಾಲಯವನ್ನು ನೋಡಬಹುದು. ೧೯೯೮ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು.

ಈ ಆಟಿಕೆ ಹುಟ್ಟಿದ್ದೇ ಮಾರಾಟದ ಜಾಣತನದಿಂದ ಎಂದರೆ ತಪ್ಪಾಗದು. ಜರ್ಮನಿಯ ಗೋಪಿಂಗೆನ್ ಊರಿನ ಮಾರ್ಕ್ಲಿನ್ ಕಂಪೆನಿ ೧೮೫೯ರಲ್ಲಿ ಪ್ರಾರಂಭವಾದಾಗ ಮಾಡುತ್ತಿದ್ದುದು ಗೊಂಬೆಯ ಅಡಿಗೆಮನೆಗೆ ಬೇಕಾದ ತಗಡಿನ ಪಾತ್ರೆಗಳನ್ನು. ಗೊಂಬೆಯ ಮನೆಗೆ ಒಂದು ವರ್ಷ ಒಲೆ, ಮರುವರ್ಷ ಕಪಾಟು ಎಂದು ತಾಯಿತಂದೆಗಳು ಕೊಳ್ಳುತ್ತ ಹೋಗುವುದನ್ನು ಕಂಡ ಆ ಮನೆತನದವರು ೧೮೯೧ರಲ್ಲಿ ಲೈಪ್ಸಿಗಿನ ಜಾತ್ರೆಗೆ ಕೀಲಿ ಕೊಡುವ ರೈಲನ್ನು ತಂದರು. ಹಳಿಯ ಅಗಲಕ್ಕೆ ಕ್ರಮಬದ್ಧವಾದ ಅಳತೆಗಳನ್ನು ನಿಶ್ಚಯಿಸಿ, ಇಂದು ಕೊಂಡ ರೈಲಿಗೆ ಮುಂದಿನ ವರ್ಷ ಇನ್ನೊಂದು ಡಬ್ಬಿ, ಅದರ ಮುಂದಿನ ವರ್ಷ ಒಂದು ಸ್ಟೇಶನ್ನು ಕೂಡಿಸಬಹುದಾದಂತೆ ಮಾಡಿದರು. ಮುಗಿಯುವ ಆಟಿಕೆಯನ್ನು ಒಮ್ಮೆ ಮಾರಬಹುದು. ಮುಗಿಯದ ಆಟಿಕೆಯನ್ನು ಮೊಮ್ಮಕ್ಕಳ ಕಾಲದವರೆಗೆ ಮಾರಬಹುದು. ಅಮೆರಿಕೆಯ ಲಯೊನೆಲ್ ಕಂಪೆನಿಯ ಕತೆಯೂ ಸೊಗಸಾದುದು. ೧೯೦೦ರಲ್ಲಿ ಅದನ್ನು ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಜೋಶುವಾ ಲಯೊನೆಲ್ ಕೊವೆನ್ ಎಂಬಾತ, ಅಂಗಡಿಯ ಕಿಟಕಿಯಲ್ಲಿನ ಸಾಮಾನಿನ ಕಡೆಗೆ ದಾರಿಹೋಕರ ಕಣ್ಣು ಸೆಳೆಯಲೆಂದು ವಿದ್ಯುತ್ತಿನಿಂದ ಓಡುವ ಪುಟ್ಟ ಬಂಡಿಯನ್ನು ಮಾಡಿಕೊಟ್ಟನಂತೆ. ಜನ ಒಳಗೆ ಬಂದು ಸಾಮಾನನ್ನು ಬಿಟ್ಟು ಬಂಡಿಯ ಬೆಲೆಯನ್ನೇ ಕೇಳಿದರಂತೆ!

ಇಂಗ್ಲೆಂಡಿನಲ್ಲಿ ಈ ಕೀರ್ತಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯದು. ಮೆಕ್ಯಾನೋ ಎಂಬ ತಗಡಿನ ಪಟ್ಟಿಗಳ ಆಟಿಕೆಗೆ ೧೯೦೧ರಲ್ಲಿ ಹಕ್ಕುಪತ್ರ ಪಡೆದವನೂ ಅವನೇ, ೧೯೨೦ರಲ್ಲಿ ಹಾರ್ನ್‌ಬಿ ರೈಲನ್ನು ಪೇಟೆಗಿಳಿಸಿದವನೂ ಅವನೇ. ನಮ್ಮ ಸಭಿಕರಲ್ಲಿ ವಯಸ್ಸಾದವರಿಗೆ ಕೋಟೆಯ ಭಾಗದ ಹಾರ್ನ್‌ಬಿ ರಸ್ತೆ ನೆನಪಿಗೆ ಬಂದಿರಬಹುದು. ಆ ರಸ್ತೆ ಈಗ ದಾದಾಭಾಯಿ ನವರೋಜಿಯವರ ಹೆಸರಿನದು. ಆ ಹಾರ್ನ್‌ಬಿ ಹದಿನೆಂಟನೆಯ ಶತಮಾನದ ಮುಂಬಯಿ ಗವರ್ನರು. ಆಟಿಕೆಗೂ ಅವನಿಗೂ ಏನೇನೂ ಸಂಬಂಧವಿಲ್ಲ.

ಇನ್ನು ಸಂತೆಗೆ ಬರೋಣ.

ಈ ಹವ್ಯಾಸದ ದೇಶಗಳಲ್ಲಿ ಹೊಸ ಮಾದರಿಯನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ಹಳೆಯದನ್ನು ಸಂತೆಯಲ್ಲಿ ಕೊಳ್ಳುತ್ತಾರೆ. ಜರ್ಮನಿಯಲ್ಲಿ ಇದಕ್ಕೆ ಬೋರ್ಸೆ ಎನ್ನುತ್ತಾರೆ. ಶೇರು ಪೇಟೆಗೂ ಅಲ್ಲಿ ಅದೇ ಮಾತು. ದಲಾಲ್ ಸ್ಟ್ರೀಟಿನ ನೆರೆಯಲ್ಲಿ ಬಾಳುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಪ್ರದರ್ಶನಗಳಲ್ಲಿ ಬೇರೊಂದು ಪದ್ಧತಿಯಿದೆ. ತಮ್ಮ ಹಳೆಯ ಎಂಜಿನಿಗೆ ಬೆಲೆಯ ಚೀಟಿ ಕಟ್ಟಿ ಸಂಘದವರ ಮೇಜಿಗೆ ಒಪ್ಪಿಸಿ ಹೋಗುವುದು. ಮಾರಿದರೆ ಸಂಘಕ್ಕೆ ಇಷ್ಟು ಎಂದು ಮುರಿದುಕೊಂಡು ಉಳಿದುದನ್ನು ಸಂಜೆಗೆ ಕೊಡುತ್ತಾರೆ. ಒಡೆಯನೇ ಎದುರಿಗಿಲ್ಲದಿರುವಾಗ ಚೌಕಾಶಿ ಯಾರೊಡನೆ ಮಾಡುವುದು? ಮುಖ ನೋಡಿ ಬೆಲೆ ಇಳಿಸಲು ನಾಚುವ ಜನಕ್ಕೆ ತಕ್ಕ ಏರ್ಪಾಡು.

ಅಮೆರಿಕೆಯವರಿಗೆ ಆ ನಾಚಿಕೆಯಿಲ್ಲ. ಪೆನ್ಸಿಲ್ವೇನಿಯದ ಯಾರ್ಕ್ ಎಂಬ ಊರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಹಳೆಯ ಆಟಿಕೆ ರೈಲಿನ ಬಲು ದೊಡ್ಡ ಸಂತೆ ಸೇರುತ್ತದೆ. ಅದನ್ನು ನಡೆಸುವುದು ೧೯೫೪ರಲ್ಲಿ ಹುಟ್ಟಿದ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಶನ್ ಎಂಬ ಸಂಘದ ಒಂದು ಶಾಖೆ. ಮೆಸಾಚುಸೆಟ್ಸಿನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಪ್ರತಿ ಜನವರಿಯಲ್ಲಿ ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯವರು ಇನ್ನೊಂದನ್ನು ನಡೆಸುತ್ತಾರೆ. ಮಗನ ಮನೆಯಲ್ಲಿ ಚಳಿಗಾಲವನ್ನು ಕಳೆಯಲು ಹೋದಾಗ ನಾವು ನೋಡಿದ್ದು ಇದನ್ನೇ. ಹೊರಗೆ ಮೊಣಕಾಲೆತ್ತರ ಹಿಮ; ಒಳಗೆ ನಾಲ್ಕು ದೊಡ್ಡ ದೊಡ್ಡ ಕಟ್ಟಡಗಳ ತುಂಬ ಮೇಜುಗಳ ಸಾಲು. ಸೆಪ್ಟೆಂಬರಿನಲ್ಲಿ ಅದೇ ಆವರಣದಲ್ಲಿ ರೈತರ ಜಾತ್ರೆ ನಡೆದು ಹಸು, ಕುರಿ, ಕುದುರೆಗಳು ಬಂದು ನಿಲ್ಲುತ್ತವೆಯೆಂದು ಮಗ ಹೇಳಿದ. ಯಾರ್ಕಿನ ಸಂತೆಯೂ ರೈತರ ಜಾತ್ರೆಯ ಮೈದಾನದ್ದೇ.

ಈ ಮಾತು ಕಿವಿಗೆ ಬಿದ್ದ ಮೇಲೆ ನಮಗೆ ಅಲ್ಲಿಯದೆಲ್ಲ ಪರಿಚಿತವಾಗಿ ಕಾಣತೊಡಗಿತು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನು ನೋಡಿದವರಿಗೆ ಗೊತ್ತು: ಎತ್ತು ಕೊಳ್ಳುವವನು ಮೊದಲು ಬೆಲೆ ಕೇಳುವುದಿಲ್ಲ. ಸುಮ್ಮನೆ ಒಂದು ಸುತ್ತು ಬರುತ್ತಾನೆ. ಸುಳಿ ನೋಡುತ್ತಾನೆ, ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇವಿಷ್ಟನ್ನೂ ಮಾಡುವಾಗ ಮುಖದಲ್ಲಿ ಮಾತ್ರ ಆ ಎತ್ತು ತನಗೆ ಬೇಕಾಗಿಯೇ ಇಲ್ಲವೆಂಬ ಭಾವ. ರೈಲಿನ ಸಂತೆಯಲ್ಲಿ ಬಲ್ಲವನು ಮಾಡುವುದೂ ಇದನ್ನೇ. ಎಂಜಿನನ್ನು ಕೈಗೆತ್ತಿಕೊಂಡು ಮೊದಲು ಹೊಟ್ಟೆ ಮೇಲಾಗಿ ತಿರುಗಿಸುತ್ತಾನೆ. ಚಕ್ರ ಸವೆದಿದೆಯೆ? ಕೊಂಡಿ ಮೂಲದ್ದೆ, ಯಾರೋ ಕೂಡಿಸಿದ್ದೆ? ಬಣ್ಣ ಕಾರ್ಖಾನೆಯದೆ, ಮನೆಯ ಕುಂಚದ್ದೆ? ಕುಂಚದ ಗೆರೆ ಓರೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಮೂಗಿನ ಹತ್ತಿರ ಹಿಡಿದು ಮೂಸಿ ನೋಡುವವರನ್ನೂ ಕಂಡೆವು. ಮೋಟಾರಿನ ತಂತಿ ಒಮ್ಮೆ ಸುಟ್ಟಿದ್ದರೆ ಆ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲವಂತೆ. ಎಲ್ಲಕ್ಕೂ ಕೊನೆಗೆ ನಡೆಸಿ ನೋಡುವುದು. ಅದಕ್ಕೆಂದೇ ಸಭಾಂಗಣದ ಮೂಲೆಯಲ್ಲಿ ಹಳಿ ಹಾಸಿದ ಮೇಜೊಂದನ್ನು ಇಟ್ಟಿರುತ್ತಾರೆ. ಓಡಿಸಿ ತೋರಿಸಲು ಒಪ್ಪದ ಮಾರಾಟಗಾರನ ಎಂಜಿನು ಓಡದೆಂದೇ ಲೆಕ್ಕ ಹಾಕಿ ಬೆಲೆ ಕಟ್ಟಬೇಕು.

ಒಂದು ಕಾಯಿಲೆಯನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು. ಹಳೆಯ ಕಾಲದ ಅಚ್ಚಿನ ಭಾಗಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆ ಸತುವಿನಲ್ಲಿ ಚೂರುಪಾರು ಸೀಸ ಬೆರೆತುಹೋಗುತ್ತಿದ್ದುದುಂಟು. ಬೆರೆತ ಸೀಸ ಸುಮ್ಮನಿರುವುದಿಲ್ಲ. ಹತ್ತಿಪ್ಪತ್ತು ವರ್ಷಗಳಲ್ಲಿ ಲೋಹದ ಕಣಕಣದ ನಡುವೆ ತುಕ್ಕು ನುಗ್ಗಿ, ಚಕ್ರ ಉಬ್ಬಿ, ಬಿರುಕು ಬಿಟ್ಟು, ಒಂದು ದಿನ ಬೆರಳು ಸೋಕಿದರೆ ಹಳಸಿದ ಚಕ್ಕುಲಿಯಂತೆ ಪುಡಿಯಾಗುತ್ತದೆ. ಸತುವಿನ ಪಿಡುಗು ಎಂದೇ ಇದಕ್ಕೆ ಹೆಸರು. ಮದ್ದಿಲ್ಲ. ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಆದುದರಿಂದಲೇ ಬಲ್ಲವರು ಚಕ್ರದ ಅಂಚನ್ನು ಭೂತಗನ್ನಡಿ ಹಿಡಿದು ನೋಡುವುದು.

ಪೆಟ್ಟಿಗೆಯ ವಿಷಯವಂತೂ ನಮ್ಮವರಿಗೆ ಹೇಳಿದರೆ ನಂಬಲಾರರು. ನಾವು ಆಟಿಕೆ ಬಂದ ದಿನವೇ ರಟ್ಟಿನ ಪೆಟ್ಟಿಗೆಯನ್ನು ರದ್ದಿಗೆ ಹಾಕುವವರು. ಅಲ್ಲಿ ಮೂಲದ ಪೆಟ್ಟಿಗೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಬರಿಯ ಪೆಟ್ಟಿಗೆಯನ್ನೇ ಮಾರುವ ಮೇಜುಗಳೂ ಇವೆ. ಆಟಿಕೆಯ ಸ್ಥಿತಿಗೆ ಒಂದರಿಂದ ಹತ್ತರವರೆಗೆ ಮೆಟ್ಟಲುಗಳನ್ನು ಆ ಸಂಘದವರು ಗೊತ್ತುಮಾಡಿದ್ದಾರೆ. ಹತ್ತೆಂದರೆ ಎಂದೂ ಆಡದ ಹೊಚ್ಚ ಹೊಸತು. ನಮಗೆ ಇದು ವಿಚಿತ್ರವಾಗಿ ತೋರಿತು. ಯಾವ ಮಗುವೂ ಮುಟ್ಟದ ಆಟಿಕೆಗೆ ಹೆಚ್ಚಿನ ಬೆಲೆ. ಮಗು ಮನಸಾರೆ ಆಡಿದ್ದಕ್ಕೆ ಕಡಮೆ. ೧೯೫೭ರಲ್ಲಿ ಲಯೊನೆಲ್ಲಿನವರು ಹುಡುಗಿಯರಿಗೆಂದು ಗುಲಾಬಿ ಬಣ್ಣದ ಎಂಜಿನೊಂದನ್ನು ಮಾಡಿದರು. ಕರಿಯ ಎಂಜಿನಲ್ಲದೆ ಬೇರೆಯದು ರೈಲೇ ಅಲ್ಲವೆಂದು ಹುಡುಗಿಯರೂ ಮೂಗು ಮುರಿದರೋ ಏನೋ, ಅದು ಅಂಗಡಿಯಲ್ಲೇ ಉಳಿಯಿತು. ಯಾರಿಗೂ ಬೇಡವಾಗಿ ಉಳಿದುದರಿಂದಲೇ ಇಂದು ಅದು ಅಪರೂಪ, ಅಪರೂಪವಾದುದರಿಂದಲೇ ದುಬಾರಿ, ದುಬಾರಿಯಾದುದರಿಂದ ಸಾಧಾರಣ ಎಂಜಿನಿಗೆ ಗುಲಾಬಿ ಬಣ್ಣ ಬಳಿದು ತಂದು ಕೂರಿಸುವ ಪುಣ್ಯಾತ್ಮರೂ ಉಂಟು.

ಈಗ ಚೌಕಾಶಿ. ಘಾಟಿಯಲ್ಲಿ ದಲ್ಲಾಳಿ ಟವೆಲ್ಲನ್ನು ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ಇರುವವರಿಗೆ ಕೇಳಿಸುವುದು "ಉಹುಂ", "ಇರಲಿ ಬಿಡಿ", "ಇನ್ನೊಂದು ಬೆರಳು" ಎಂಬ ಮಾತು ಮಾತ್ರ. ಅಲ್ಲಿ ಟವೆಲ್ಲಿಲ್ಲ. ಆದರೆ ಗಟ್ಟಿಯಾಗಿಯೂ ಯಾರೂ ಮಾತನಾಡುವುದಿಲ್ಲ. ಚೀಟಿಯಲ್ಲಿ ೬೦ ಡಾಲರು ಎಂದಿದ್ದರೆ ಕೊಳ್ಳುವವನು ಅದನ್ನು ಓದಿ, ಎಂಜಿನನ್ನು ಮೆಲ್ಲಗೆ ಕೆಳಗಿಟ್ಟು, "ನಿಮ್ಮಿಂದ ಎಷ್ಟಕ್ಕೆ ಆದೀತು?" ಎನ್ನುತ್ತಾನೆ. ವಸ್ತುವನ್ನು ಹೀಗಳೆಯುವುದು ಅಲ್ಲಿ ಸಲ್ಲದು. ನಮ್ಮ ಪೇಟೆಯಲ್ಲಿ "ಇದೇನು ಬದನೆಕಾಯಿಯೋ, ಹುಳದ ಗೂಡೋ?" ಎಂದು ಪ್ರಾರಂಭಿಸುವುದೇ ಶಿಷ್ಟಾಚಾರ, ಅಲ್ಲಿ ಹಾಗೆಂದರೆ ಆತ ಮುಖ ತಿರುಗಿಸಿಬಿಡುತ್ತಾನೆ. ಮಾರಲು ಕೂತವನೂ ಹವ್ಯಾಸಿಯೇ. ಆ ಎಂಜಿನು ಹತ್ತು ವರ್ಷ ಅವನ ಮನೆಯಲ್ಲಿ ಓಡಿದ್ದು. ಇನ್ನೊಂದು ರೀತಿ, ಒಂದನ್ನು ಬಿಟ್ಟು ಮೂರನ್ನು ಒಟ್ಟಿಗೆ ಇಟ್ಟು ಕೇಳುವುದು. ಮೂರನೆಯ ರೀತಿ, ಹಣವನ್ನು ಎಣಿಸಿ ಕೈಯಲ್ಲಿ ಹಿಡಿದು ನಿಲ್ಲುವುದು. ಇದಕ್ಕೆ ಭಾಷೆ ಬೇಕಾಗಿಲ್ಲ.

ಹೊತ್ತೂ ಮುಖ್ಯ. ಯಾರ್ಕಿನಲ್ಲಿ ಸಂತೆಯ ಬಾಗಿಲು ತೆರೆಯುವುದಕ್ಕೆ ಒಂದೆರಡು ದಿನ ಮುಂಚೆಯೇ ಸುತ್ತಲಿನ ವಸತಿಗೃಹಗಳ ಆವರಣದಲ್ಲಿ ಮೋಟಾರು ಬಂಡಿಗಳ ಹಿಂಬಾಗಿಲನ್ನೆತ್ತಿ ವ್ಯಾಪಾರ ನಡೆದುಹೋಗುತ್ತದೆ. ಡಕಾಯಿತರ ಕೂಟ ಎಂದೇ ಅದಕ್ಕೆ ಅಡ್ಡಹೆಸರು. ಒಳ್ಳೆಯ ಸರಕೆಷ್ಟೋ ಅಲ್ಲಿಯೇ ಕೈಬದಲಾಗಿರುತ್ತದೆ. ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಸಂತೆ ಶನಿವಾರ, ಭಾನುವಾರ. ಶನಿವಾರ ಬೆಳಗ್ಗೆ ಆಯ್ಕೆ ಹೆಚ್ಚು, ಬೆಲೆಯೂ ಹೆಚ್ಚು. ಭಾನುವಾರ ಮಧ್ಯಾಹ್ನ ಮೂರರ ಮೇಲೆ ಮಾರುವವನ ಕಣ್ಣೆದುರಿಗೆ ಬರುವುದು ಖಾಲಿ ಪೆಟ್ಟಿಗೆಗಳು, ಹಿಮದ ದಾರಿ, ಎಲ್ಲವನ್ನೂ ಮತ್ತೆ ಹೊತ್ತು ಬಂಡಿಗೇರಿಸುವ ಶ್ರಮ. ಆಗ ಬೆಲೆ ತಾನಾಗಿ ಕೆಳಗಿಳಿಯುತ್ತದೆ. ಸಂಜೆಯ ಸೊಪ್ಪಿನವಳ ಬುಟ್ಟಿಯ ನ್ಯಾಯ.

ನಾವೂ ಒಂದು ಕರಿಯ ಉಗಿ ಎಂಜಿನನ್ನು ಕೊಂಡೆವು. ಹಲ್ಲು ನೋಡಿದ್ದು ಮಗ. ಬೆಲೆ ಇಳಿಸಿದ್ದು ನಮ್ಮ ಮನೆಯವರು. ಹಣ ಕೊಟ್ಟಾದ ಮೇಲೆ ಅವರು ಅಲ್ಲಿಯೇ ನಿಂತು, ಪಕ್ಕದ ಡಬ್ಬಿಯಲ್ಲಿದ್ದ ಬಾಗು ಹಳಿಯ ತುಂಡುಗಳ ಕಡೆಗೆ ಬೆರಳು ತೋರಿದರು.

"ಅಮ್ಮ, ಇಲ್ಲಿ ಹಾಗೆಲ್ಲ ಕೇಳಬಾರದಮ್ಮ" ಎಂದು ಮಗ ಕಿವಿಯಲ್ಲಿ ಹೇಳಿದ.

"ಕೇಳಿದರೆ ಗಂಟೇನು ಹೋಗುತ್ತದೋ? ಇಷ್ಟು ಕೊಂಡ ಮೇಲೆ ಕೊಸರು ಹಾಕದಿದ್ದರೆ ಅದೆಂಥ ವ್ಯಾಪಾರ!"

ಕೊಸರು ಎಂಬುದಕ್ಕೆ ಇಂಗ್ಲೀಷಿನಲ್ಲಿ ಏನೆನ್ನಬೇಕೆಂದು ಮಗನಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ. ಮಾರುವ ಮುದುಕನಿಗೆ ಮಾತ್ರ ತಿಳಿದುಹೋಯಿತು. ನಕ್ಕು, ಎರಡು ತುಂಡು ಹಳಿಯನ್ನು ಚೀಲಕ್ಕೆ ಹಾಕಿದ. ಮೇಲೊಂದು ಪುಟ್ಟ ಕೈಮರವನ್ನೂ ಇಟ್ಟ.

ಇಷ್ಟೇ ಆಗಿದ್ದರೆ ಈ ವಿಷಯವನ್ನು ನಾವು ಊಟದ ಮನೆಯ ಹರಟೆಗೆ ಬಿಟ್ಟುಬಿಡುತ್ತಿದ್ದೆವು. ಆ ಮುದುಕನ ಪಕ್ಕದ ಮೇಜಿನಲ್ಲಿ ಕಂಡುದನ್ನು ಹೇಳಬೇಕಾಗಿದೆ. ಅಲ್ಲಿ ಸುಮಾರು ಎಪ್ಪತ್ತು ವರ್ಷದ ಹೆಂಗಸು, ಜೊತೆಗೆ ಮಗಳು. ಆಕೆಯ ಗಂಡ ತೀರಿಕೊಂಡು ವರ್ಷವಾಗಿತ್ತಂತೆ. ಮೇಜಿನ ತುಂಬ ಅವನು ನಲವತ್ತು ವರ್ಷ ಕೂಡಿಸಿದ ರೈಲುಗಳು. ಎಲ್ಲಕ್ಕೂ ಅಂದವಾಗಿ ಚೀಟಿ ಕಟ್ಟಿದ್ದರು. ಆದರೆ ಚೀಟಿಯ ಬೆಲೆಗಳನ್ನು ನೋಡಿ ಹಾದುಹೋಗುವವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇದರ ಒಳಗುಟ್ಟು ಹವ್ಯಾಸಿಗಳ ನಡುವೆ ಹಳೆಯ ತಮಾಷೆ. ಗಂಡ ೨೦೦ ಡಾಲರು ಕೊಟ್ಟು ತಂದುದನ್ನು ಮನೆಯಲ್ಲಿ ೪೦ ಎಂದು ಹೇಳಿರುತ್ತಾನೆ. ಅವನಿಗೆ ಸಾಯುವ ಹೆದರಿಕೆಯಿಲ್ಲ. ಸತ್ತ ಮೇಲೆ ಹೆಂಡತಿ ತಾನು ಹೇಳಿದ ಬೆಲೆಗೇ ಎಲ್ಲವನ್ನೂ ಮಾರಿಬಿಟ್ಟಾಳೆಂಬುದೇ ಹೆದರಿಕೆ! ಕೇಳಿದಾಗ ನಾವೂ ನಕ್ಕಿದ್ದೆವು. ಆ ಮೇಜಿನ ಮುಂದೆ ನಗು ಬರಲಿಲ್ಲ.

ಒಬ್ಬ ವ್ಯಾಪಾರಿ ಬಂದು ಮೇಜಿನ ಮೇಲಿನದಷ್ಟನ್ನೂ ಒಟ್ಟಿಗೆ ಕೊಳ್ಳುವೆನೆಂದು ಒಂದು ಮೊತ್ತ ಹೇಳಿದ. ಅವನನ್ನು ಕಳ್ಳನೆನ್ನಲು ನಾವು ಸಿದ್ಧರಿಲ್ಲ. ರಾಶಿ ಕೊಳ್ಳುವವನಿಗೆ ಮೇಜಿನ ಬಾಡಿಗೆಯಿದೆ. ಸರಕು ವರ್ಷಗಟ್ಟಲೆ ಕೂರುತ್ತದೆ. ಅದರಲ್ಲಿ ಅರ್ಧ ಮಾರಿಯೇ ಹೋಗದು. ಮೇಲಾಗಿ ಕಾಲ ಬದಲಾಗಿದೆ. ೧೯೫೦ರ ದಶಕದಲ್ಲಿ ಬಾಲಕರಾಗಿದ್ದು ಲಯೊನೆಲ್ ರೈಲಿಗಾಗಿ ಅತ್ತವರು, ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಅದನ್ನೇ ಹುಡುಕಿ ಹುಡುಕಿ ಕೊಂಡರು. ಆಗ ಬೆಲೆ ಏರಿತ್ತು. ಆ ತಲೆಮಾರು ಈಗ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದೆ. ಮಾರಲು ಬರುವ ಮನೆಗಳು ಹೆಚ್ಚು, ಕೊಳ್ಳುವ ಕೈಗಳು ಕಡಮೆ. ಸಾಧಾರಣವಾದ ಮಾಲಿಗೆ ಹಿಂದಿನ ಬೆಲೆ ಇಲ್ಲ. ಇದೆಲ್ಲ ನಿಜ. ಆದರೆ ಆ ವ್ಯಾಪಾರಿಗೆ ತಿಳಿದಿದ್ದುದು ಆಕೆಗೆ ತಿಳಿದಿರಲಿಲ್ಲ, ಅವಳಿಗೆ ತಿಳಿಯದೆಂಬುದೂ ಅವನಿಗೆ ತಿಳಿದಿತ್ತು. ಚೌಕಾಶಿಯ ಸೊಗಸೆಲ್ಲ ಇಬ್ಬರು ಬಲ್ಲವರ ನಡುವೆ. ಒಬ್ಬನು ಮಾತ್ರ ಬಲ್ಲವನಾದರೆ ಅದಕ್ಕೆ ಬೇರೆ ಹೆಸರಿದೆ.

ಆಕೆ ಆಗಲೆಂದು ತಲೆಯಾಡಿಸುವುದರಲ್ಲಿದ್ದಳು. ಆಗ ನಮಗೆ ಕೊಸರು ಹಾಕಿದ ಮುದುಕ ಎದ್ದು ಬಂದ. "ಅಮ್ಮಾ, ಈ ಮೂರನ್ನು ಬೇರೆ ತೆಗೆದಿಡಿ" ಎಂದು ಮೂರು ಎಂಜಿನುಗಳನ್ನು ಆಕೆಯ ಕಡೆಗೆ ಸರಿಸಿದ. ಒಂದೊಂದರ ನಿಜವಾದ ಬೆಲೆಯನ್ನೂ ಹೇಳಿದ. ವ್ಯಾಪಾರಿ ಅವನನ್ನು ಕೆಕ್ಕರಿಸಿ ನೋಡಿ ಹೊರಟುಹೋದ. ಆ ಮೇಲೆ ಮುದುಕ ಮಾಡಿದ್ದು ನಮ್ಮ ಮನಸ್ಸಿನಲ್ಲಿ ನಿಂತಿದೆ. ಮೂರರಲ್ಲಿ ಒಂದು ಎಂಜಿನಿನ ಮೇಲೆ ಬೆಳಗಿನಿಂದಲೂ ಅವನ ಕಣ್ಣಿತ್ತು. ಚೀಟಿಯ ಬೆಲೆಗೆ ಮೌನವಾಗಿ ಎತ್ತಿಕೊಂಡಿದ್ದರೆ ಯಾರೂ ಕೇಳುವಂತಿರಲಿಲ್ಲ. ಅವನು ಈಗ ತಾನೇ ಹೇಳಿದ ಬೆಲೆಯನ್ನು ಒಂದು ಮಾತೂ ಆಡದೆ ಎಣಿಸಿ ಮಗಳ ಕೈಗೆ ಕೊಟ್ಟು ಅದನ್ನು ಕೊಂಡ. ಕೊಂಡು ತನ್ನ ಮೇಜಿಗೆ ಹಿಂತಿರುಗಿ, ಎದುರು ಸಾಲಿನ ಗೆಳೆಯನೊಬ್ಬನೊಡನೆ ತುಕ್ಕು ಹಿಡಿದ ಸರಕು ಡಬ್ಬಿಯೊಂದಕ್ಕಾಗಿ ಎರಡು ಡಾಲರಿನ ಚೌಕಾಶಿಯನ್ನು ಅರ್ಧ ಗಂಟೆ ನಡೆಸಿದ. ಇಬ್ಬರೂ ಆ ಡಬ್ಬಿಯನ್ನು ಎಷ್ಟೋ ಸಂತೆಗಳಿಂದ ಹೀಗೆಯೇ ಎಳೆದಾಡುತ್ತ ಬಂದಿರುವರೆಂದು ಮಗ ಆಮೇಲೆ ವಿಚಾರಿಸಿಕೊಂಡು ಬಂದು ಹೇಳಿದ.

ನಮ್ಮ ಮುಂಬಯಿಯಲ್ಲಿ ಮಾದರಿ ರೈಲಿನ ಅಂಥ ಸಂತೆಯನ್ನು ನಾವು ಕಂಡಿಲ್ಲ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಕಾಲದ ತಗಡಿನ ಆಟಿಕೆಗಳು ಗಡಿಯಾರ, ಗ್ರಾಮಾಫೋನುಗಳ ನಡುವೆ ಇಣುಕುವುದುಂಟು. ಅಂಗಡಿಯವರು ಘಾಟಿಯ ದಲ್ಲಾಳಿಗಿಂತ ಪಳಗಿದವರು. ಆದರೆ ನಾವು ಈ ಸಭೆಯಲ್ಲಿ ಹೇಳಹೊರಟ ಎರಡನೆಯ ಕಾರಣ ರೈಲಿಗೆ ಸಂಬಂಧಿಸಿದ್ದಲ್ಲ. ಆ ಹೆಂಗಸಿನ ಮೇಜು ನಮ್ಮ ಮನೆಗಳಲ್ಲಿಯೂ ಇದೆ. ನಮ್ಮ ನಡುವಣ ಹಿರಿಯರೊಬ್ಬರು ಐವತ್ತು ವರ್ಷ ಕೂಡಿಸಿದ ಕನ್ನಡ ಪುಸ್ತಕಗಳು ಅವರು ತೀರಿಕೊಂಡ ಮರುತಿಂಗಳು ತಕ್ಕಡಿಗೇರಿದುದು ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಎರಡು ಕಪಾಟು ಪುಸ್ತಕ, ಕಿಲೋ ಲೆಕ್ಕ. ಮೊದಲ ಮುದ್ರಣದ ಪ್ರತಿಗಳೂ, ಲೇಖಕರ ಹಸ್ತಾಕ್ಷರದ ಪ್ರತಿಗಳೂ ಹಳೆಯ ವೃತ್ತಪತ್ರಿಕೆಯ ಕಟ್ಟಿನೊಡನೆ ಹೋದವು. ಮಕ್ಕಳನ್ನು ದೂರಿ ಫಲವಿಲ್ಲ. ಅವರಿಗೆ ಆ ಲಿಪಿ ಓದಲು ಬರದು. ಯಾವುದು ಏನೆಂದು ತಂದೆಯೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ರದ್ದಿಯವನೂ ಮೋಸ ಮಾಡಲಿಲ್ಲ. ತೂಕ ಸರಿಯಾಗಿಯೇ ಇತ್ತು. ಪಕ್ಕದ ಮೇಜಿನಿಂದ ಎದ್ದು ಬಂದು "ಈ ಮೂರನ್ನು ಬೇರೆ ತೆಗೆದಿಡಿ" ಎನ್ನುವವರು ಮಾತ್ರ ಆ ಹೊತ್ತಿಗೆ ಅಲ್ಲಿರಲಿಲ್ಲ.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಒಂದು ಬಿನ್ನಹವನ್ನು ಇಟ್ಟಿದ್ದೇವೆ. ಪುಸ್ತಕ, ಹಳೆಯ ಗಾನಮುದ್ರಿಕೆ, ಊರಿನ ಪಾತ್ರೆಪಡಗ, ಏನೇ ಇರಲಿ, ಯಾರ ಮನೆಯಲ್ಲಾದರೂ ಖಾಲಿ ಮಾಡುವ ಸಂದರ್ಭ ಬಂದರೆ ಬಲ್ಲವರಾದ ಇಬ್ಬರು ಸದಸ್ಯರು ಮೊದಲು ಹೋಗಿ ನೋಡಬೇಕು. ನೋಡುವವರು ತಾವೇ ಕೊಳ್ಳಬಯಸಿದರೆ ತಮ್ಮ ಬಾಯಿಂದ ಬಂದ ಬೆಲೆಯನ್ನೇ ಕೊಡಬೇಕು. ಸಮಿತಿಯವರು ಮೊದಲನೆಯದನ್ನು ಕೂಡಲೇ ಒಪ್ಪಿದರು. ಎರಡನೆಯದರ ಮೇಲೆ ಎರಡು ಸಭೆಗಳಿಂದ ಚೌಕಾಶಿ ನಡೆಯುತ್ತಿದೆ.

ಅಷ್ಟರವರೆಗೆ ನಾವು ನಮ್ಮ ಮನೆಯ ಮಟ್ಟಿಗೆ ಕೆಲಸವನ್ನು ಪ್ರಾರಂಭಿಸಿದ್ದೇವೆ. ಆ ಕರಿಯ ಎಂಜಿನಿನ ಪೆಟ್ಟಿಗೆಯೊಳಗೆ ಒಂದು ಚೀಟಿಯಿದೆ: ಎಲ್ಲಿ ಕೊಂಡದ್ದು, ಯಾವ ವರ್ಷ, ಚೀಟಿಯ ಬೆಲೆ ಎಷ್ಟು, ಕೊಟ್ಟದ್ದೆಷ್ಟು, ಕೊಸರಾಗಿ ಬಂದದ್ದೇನು. ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲೀಷಿನಲ್ಲಿಯೂ ಬರೆದಿದ್ದೇವೆ. ಪುಸ್ತಕದ ಕಪಾಟಿನ ಪಟ್ಟಿಯನ್ನು ರಜಕ್ಕೆ ಬಂದ ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇವೆ. ನಾವು ಹೇಳುತ್ತೇವೆ, ಅವನು ಒಂದೊಂದೇ ಅಕ್ಷರವನ್ನು ಪುಸ್ತಕ ನೋಡಿ ಬಿಡಿಸುತ್ತಾನೆ. ಹದಿನೇಳು ಪುಸ್ತಕ ಆಗಿದೆ. ಒತ್ತಕ್ಷರ ಬಂದಲ್ಲೆಲ್ಲ ಎರಡು ರೂಪಾಯಿ ಹೆಚ್ಚು ಕೊಡಬೇಕೆಂದು ನಿನ್ನೆಯಿಂದ ಕೇಳುತ್ತಿದ್ದಾನೆ. ಅಜ್ಜಿ ಒಂದಕ್ಕೆ ನಿಂತಿದ್ದಾರೆ.